ದೇಶ ಬೆಳೆಯಿತು, ಅಂತರ ಯಾಕೆ ಉಳಿಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಜಿಡಿಪಿ (ದೇಶದ ಒಂದು ವರ್ಷದ ಒಟ್ಟು ಉತ್ಪಾದನೆ), ತಲಾ ಆದಾಯ, ಬಡತನ ಅಂತ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಚಹಾ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಾಲೇಜು ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಅವೇ ಪ್ರಶ್ನೆಗಳು. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ವಿಷಯ ಇಡೀ ಭಾರತದ್ದು, ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು. ನನ್ನ ಅಭಿಪ್ರಾಯ ಇರುವ ಕಡೆ ಅದನ್ನೂ ನೇರವಾಗಿ ಹೇಳಿದ್ದೇನೆ.

ಭಾರತ ಜಗತ್ತಿನ ಮೊದಲ ಐದು ಆರ್ಥಿಕತೆಗಳಲ್ಲಿ ಒಂದು ಅಂತಾರೆ. ನಮ್ಮ ಮನೆಯಲ್ಲಿ ಅದು ಯಾಕೆ ಕಾಣಲ್ಲ?

ಒಂದು ಸಣ್ಣ ಲೆಕ್ಕ ಮಾಡೋಣ. 2024-25ರಲ್ಲಿ ದೇಶದ ಜಿಡಿಪಿ ಸುಮಾರು 330 ಲಕ್ಷ ಕೋಟಿ ರೂಪಾಯಿ. ಜನ ಸುಮಾರು 140 ಕೋಟಿ. ಭಾಗಿಸಿದರೆ ತಲೆಗೆ ವರ್ಷಕ್ಕೆ 2.35 ಲಕ್ಷ ಬರುತ್ತದೆ. ಐದು ಜನರ ಮನೆಗೆ ತಿಂಗಳಿಗೆ ಹತ್ತಿರ ಹತ್ತಿರ 98 ಸಾವಿರ. ನಿಮ್ಮ ಬೀದಿಯಲ್ಲಿ ಎಷ್ಟು ಮನೆಗೆ ತಿಂಗಳಿಗೆ ಅಷ್ಟು ಬರುತ್ತದೆ, ನೀವೇ ಎಣಿಸಿ ನೋಡಿ.

ಜಿಡಿಪಿಯಲ್ಲಿ ಕಂಪನಿಗಳ ಲಾಭ, ಸರ್ಕಾರದ ಪಾಲು ಎಲ್ಲ ಸೇರಿರುತ್ತದೆ, ಹಾಗಾಗಿ ಅದು ಪೂರ್ತಿ ಮನೆಗೆ ಬರುವ ದುಡ್ಡಲ್ಲ, ನಿಜ. ಆದರೆ ಮನೆಗಳ ಆದಾಯವನ್ನಷ್ಟೇ ತೆಗೆದುಕೊಂಡರೂ ಚಿತ್ರ ಬದಲಾಗುವುದಿಲ್ಲ. ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಭಾರತದ ಲೆಕ್ಕ ತೆಗೆದಿತ್ತು. ಅದರ ಪ್ರಕಾರ, ವಯಸ್ಕರಾದ ನೂರು ಜನರನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ದೇಶದ ಸರಾಸರಿ ಆದಾಯ ಇರುವ ಮನುಷ್ಯ ಸಿಗುವುದು ನಡುವಿನಲ್ಲಿ ಅಲ್ಲ, ಸುಮಾರು ತೊಂಬತ್ತನೇ ಜಾಗದಲ್ಲಿ. ಅಂದರೆ ಹತ್ತರಲ್ಲಿ ಒಂಬತ್ತು ಜನ ಸರಾಸರಿಗಿಂತ ಕೆಳಗೆ. ಸರಾಸರಿ ಜೋರಾಗಿ ಏರಿದರೂ ಅವರ ಮನೆಗೆ ಅದು ಮುಟ್ಟಬೇಕು ಅಂತೇನಿಲ್ಲ.

ಅಸಮಾನತೆ ಎಷ್ಟಿದೆ? ಒಂದೇ ಮಾತಿನಲ್ಲಿ ಹೇಳಿ.

ಅದೇ ಲೆಕ್ಕದ ಪ್ರಕಾರ 2022-23ರಲ್ಲಿ ಮೇಲಿನ ನೂರಕ್ಕೆ ಒಬ್ಬರ ಕೈಗೆ ದೇಶದ ಆದಾಯದ ಶೇ 22.6 ಹೋಗಿದೆ, ಸಂಪತ್ತಿನ ಶೇ 40.1 ಅವರ ಬಳಿ ಇದೆ. ಕೆಳಗಿನ ಅರ್ಧ ಜನಕ್ಕೆಲ್ಲ ಸೇರಿ ಬಂದ ಆದಾಯ ಸುಮಾರು ಶೇ 15.

1991ಕ್ಕೂ ಮೊದಲು ಎಲ್ಲರೂ ಸಮಾನರಾಗಿದ್ದರಾ?

ಖಂಡಿತ ಇಲ್ಲ. ಆದರೆ ಆಗಿನ ಅಸಮಾನತೆಯ ಬಗೆ ಬೇರೆ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಮೂರು ದಶಕ ದೇಶ ವರ್ಷಕ್ಕೆ ಶೇ 3.5ರ ಆಸುಪಾಸಿನಲ್ಲಿ ಬೆಳೆಯಿತು. ಜನಸಂಖ್ಯೆಯೂ ಶೇ 2ಕ್ಕಿಂತ ಜಾಸ್ತಿ ಏರುತ್ತಿತ್ತು, ಹಾಗಾಗಿ ತಲೆಗೆ ಸಿಕ್ಕಿದ್ದು ಬಹಳ ಕಡಿಮೆ. ಫೋನ್ ಸಂಪರ್ಕಕ್ಕೆ, ಸ್ಕೂಟರ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು. ಶ್ರೀಮಂತರ ಮೇಲಿನ ತೆರಿಗೆ ವಿಪರೀತ ಇತ್ತು. 1980ರ ದಶಕದ ಶುರುವಿನಲ್ಲಿ ಮೇಲಿನ ನೂರಕ್ಕೆ ಒಬ್ಬರ ಪಾಲು ಆದಾಯದ ಶೇ 6ರಷ್ಟಕ್ಕೆ ಇಳಿದಿತ್ತು. ಬಡತನ ಮಾತ್ರ ಭಯಂಕರವಾಗಿತ್ತು. ಸಮಾನತೆ ಇತ್ತು ಅನ್ನುವುದಕ್ಕಿಂತ ಹಂಚಿಕೊಳ್ಳಲು ಹೆಚ್ಚೇನೂ ಇರಲಿಲ್ಲ ಅನ್ನುವುದು ಸರಿ.

1991ರಲ್ಲಿ ವಿದೇಶಿ ವಿನಿಮಯ ಖಾಲಿಯಾಗುತ್ತಾ ಬಂತು. ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಮಾತ್ರ ಉಳಿದಿತ್ತು. ರಿಸರ್ವ್ ಬ್ಯಾಂಕ್ 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟಿತು. ಪಿ.ವಿ. ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. ಆ ವರ್ಷದ ಜುಲೈ 24ರ ಬಜೆಟ್‌ನೊಂದಿಗೆ, ಕಾರ್ಖಾನೆ ಇಡಲು ಸರ್ಕಾರದ ಅನುಮತಿ ಬೇಕೆನ್ನುವ ಲೈಸೆನ್ಸ್ ವ್ಯವಸ್ಥೆ ಸಡಿಲವಾಯಿತು, ಆಮದು ಸುಂಕ ಇಳಿಯಿತು, ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆಯಿತು. ಅಲ್ಲಿಂದ ಬೆಳವಣಿಗೆ ಶೇ 6, 7ರ ಮಟ್ಟಕ್ಕೆ ಏರಿತು. ಮೇಲಿನವರ ಪಾಲೂ ಅಲ್ಲಿಂದಲೇ ಜೋರಾಗಿ ಏರಿತು. 1991ರ ತೀರ್ಮಾನ ತಪ್ಪು ಅಂತ ನಾನು ಹೇಳುವುದಿಲ್ಲ. ಅದರ ಜೊತೆಗೆ ಶಾಲೆ, ಆಸ್ಪತ್ರೆ, ಕಾರ್ಖಾನೆ ಕೆಲಸಗಳ ಕಡೆ ಅಷ್ಟೇ ಗಟ್ಟಿಯಾಗಿ ಕೈಹಾಕಲಿಲ್ಲವಲ್ಲ, ನನ್ನ ತಕರಾರು ಅದು.

ಬಡತನ ನಿಜವಾಗಿಯೂ ಕಡಿಮೆಯಾಗಿದೆಯಾ, ಇಲ್ಲ ಬರೀ ಕಾಗದದಲ್ಲಾ?

ನಿಜವಾಗಿಯೂ ಕಡಿಮೆಯಾಗಿದೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತಿಗೆ ಅರ್ಥ ಇಲ್ಲ. ದಿನಕ್ಕೆ 3 ಡಾಲರ್ ಎಂಬ ವಿಶ್ವ ಬ್ಯಾಂಕಿನ ಹೊಸ ಗೆರೆ ಇಟ್ಟುಕೊಂಡರೆ 2011-12ರಲ್ಲಿ ಕಡು ಬಡತನದಲ್ಲಿದ್ದವರು ಶೇ 27, 2022-23ರಲ್ಲಿ ಶೇ 5ರ ಹತ್ತಿರ. ನೀತಿ ಆಯೋಗದ ಲೆಕ್ಕ ಬೇರೆ ರೀತಿಯದು. ಅದು ಆದಾಯ ನೋಡುವುದಿಲ್ಲ. ಪೌಷ್ಟಿಕತೆ, ಶಾಲೆ, ಅಡುಗೆ ಅನಿಲ, ಶೌಚಾಲಯ, ಬ್ಯಾಂಕ್ ಖಾತೆ ಇಂಥವನ್ನು ನೋಡುತ್ತದೆ. ಅದರ ಪ್ರಕಾರ 2022-23ರವರೆಗಿನ ಒಂಬತ್ತು ವರ್ಷದಲ್ಲಿ ಸುಮಾರು 24.8 ಕೋಟಿ ಜನ ಬಡತನದಿಂದ ಹೊರಬಂದಿದ್ದಾರೆ.

ಹಾಗಿದ್ದರೂ ಸುಮಾರು 80 ಕೋಟಿ ಜನಕ್ಕೆ ತಿಂಗಳಿಗೆ 5 ಕೆಜಿ ಧಾನ್ಯ ಉಚಿತವಾಗಿ ಕೊಡಬೇಕಾಗಿದೆ. ಅದನ್ನು 2024ರ ಜನವರಿಯಿಂದ ಇನ್ನೂ ಐದು ವರ್ಷ ಮುಂದುವರಿಸಿದ್ದಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಕೇಳಬಹುದು. ಗೆರೆ ದಾಟಿದವರಲ್ಲಿ ಬಹಳ ಜನ ಗೆರೆಯ ಪಕ್ಕದಲ್ಲೇ ನಿಂತಿದ್ದಾರೆ. ಒಂದು ಆಪರೇಷನ್, ಒಂದು ಬರಗಾಲ, ದುಡಿಯುವವನಿಗೆ ಒಂದು ಅಪಘಾತ ಆದರೆ ಸಾಕು, ಮತ್ತೆ ಒಳಗೆ.

ಭಾರತ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ ಅಂತ 2025ರಲ್ಲಿ ಸುದ್ದಿ ಬಂತಲ್ಲ, ಅದು ಸುಳ್ಳಾ?

ಅಂಕಿ ಸುಳ್ಳಲ್ಲ, ಹೋಲಿಕೆ ಸರಿಯಿಲ್ಲ. ಅಸಮಾನತೆ ಅಳೆಯುವ ಗಿನಿ ಸೂಚ್ಯಂಕದಲ್ಲಿ ವಿಶ್ವ ಬ್ಯಾಂಕ್ ಭಾರತಕ್ಕೆ 25.5 ಕೊಟ್ಟಿತ್ತು. ಕಡಿಮೆ ಇದ್ದಷ್ಟೂ ಸಮಾನತೆ ಜಾಸ್ತಿ. ಆದರೆ ನಮ್ಮ ಸಂಖ್ಯೆ ಬಂದದ್ದು ಖರ್ಚಿನ ಸಮೀಕ್ಷೆಯಿಂದ. ಶ್ರೀಮಂತ ದೇಶಗಳ ಸಂಖ್ಯೆ ಬಂದದ್ದು ಆದಾಯದ ಸಮೀಕ್ಷೆಯಿಂದ.

ಖರ್ಚಿಗೂ ಆದಾಯಕ್ಕೂ ಏನು ವ್ಯತ್ಯಾಸ? ತಿಂಗಳಿಗೆ 15 ಸಾವಿರ ಬರುವ ಮನೆ ಇಡೀ 15 ಸಾವಿರ ಖರ್ಚು ಮಾಡುತ್ತದೆ, ಕೆಲವು ತಿಂಗಳು ಸಾಲ ಮಾಡಿ 17 ಸಾವಿರ. ತಿಂಗಳಿಗೆ 15 ಲಕ್ಷ ಬರುವ ಮನೆ ಎರಡು ಲಕ್ಷ ಖರ್ಚು ಮಾಡಿ ಉಳಿದದ್ದನ್ನು ಸೈಟು, ಶೇರು, ಮ್ಯೂಚುವಲ್ ಫಂಡ್‌ಗೆ ಹಾಕುತ್ತದೆ. ಆದಾಯದಲ್ಲಿ ನೂರು ಪಟ್ಟು ಇರುವ ಅಂತರ ಖರ್ಚಿನಲ್ಲಿ ಹನ್ನೆರಡು ಹದಿಮೂರು ಪಟ್ಟಿಗೆ ಇಳಿದುಬಿಡುತ್ತದೆ. ಇದರ ಜೊತೆಗೆ, ಸಮೀಕ್ಷೆ ಮಾಡುವವರಿಗೆ ಗೇಟೆಡ್ ಕಮ್ಯುನಿಟಿಯ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಹಾಗಾಗಿ ಅತಿ ಶ್ರೀಮಂತರು ಈ ಲೆಕ್ಕದಲ್ಲಿ ಸರಿಯಾಗಿ ಬರುವುದೇ ಇಲ್ಲ.

ಆದರೂ ಆ ಸಮೀಕ್ಷೆಯನ್ನು ತಳ್ಳಿಹಾಕಬೇಡಿ. ಅದರ ಕೆಳಗಿನ ತುದಿ ತುಂಬಾ ಮುಖ್ಯ. 2022-23ರಲ್ಲಿ ಹಳ್ಳಿಗಳ ಅತಿ ಬಡ ಶೇ 5 ಜನ ತಲೆಗೆ ತಿಂಗಳಿಗೆ ಖರ್ಚು ಮಾಡಿದ್ದು ಸರಾಸರಿ 1,373 ರೂಪಾಯಿ. ಊಟ, ಬಟ್ಟೆ, ಔಷಧಿ, ಬಸ್ಸು, ಮೊಬೈಲ್ ಎಲ್ಲ ಸೇರಿ ದಿನಕ್ಕೆ 46 ರೂಪಾಯಿ. ನಗರಗಳ ಮೇಲಿನ ಶೇ 5 ಜನರದ್ದು 20,824 ರೂಪಾಯಿ.

ಇಷ್ಟು ಬೆಳವಣಿಗೆ ಆದರೂ ಒಳ್ಳೆಯ ಕೆಲಸ ಯಾಕೆ ಸಿಗುತ್ತಿಲ್ಲ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ದೇಶ ಎಷ್ಟು ಬೆಳೆಯಿತು ಅನ್ನುವುದಕ್ಕಿಂತ ಯಾರಿಗೆ ಎಂಥ ಕೆಲಸ ಸಿಕ್ಕಿತು ಅಂತ ಕೇಳಿದರೆ ಅಸಮಾನತೆಯ ಬೇರು ಕಾಣುತ್ತದೆ.

2023-24ರ ಕಾರ್ಮಿಕ ಸಮೀಕ್ಷೆ ಪ್ರಕಾರ ದುಡಿಯುವವರಲ್ಲಿ ಸುಮಾರು ಶೇ 46 ಜನ ಇನ್ನೂ ಕೃಷಿಯಲ್ಲಿದ್ದಾರೆ. ದೇಶದ ಉತ್ಪಾದನೆಯಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ಅರ್ಧದಷ್ಟು ಜನ ಐದರಲ್ಲಿ ಒಂದು ಪಾಲಿಗಿಂತ ಕಡಿಮೆಯನ್ನು ಹಂಚಿಕೊಳ್ಳಬೇಕು. ಇದೊಂದೇ ಲೆಕ್ಕ ಸಾಕು, ಹಳ್ಳಿ ಯಾಕೆ ಹಿಂದೆ ಅನ್ನುವುದಕ್ಕೆ.

ಜಪಾನ್, ದಕ್ಷಿಣ ಕೊರಿಯಾ, ಆಮೇಲೆ ಚೀನಾದಲ್ಲಿ ಹೊಲ ಬಿಟ್ಟವರು ಕಾರ್ಖಾನೆ ಸೇರಿದರು. ಬಟ್ಟೆ, ಚಪ್ಪಲಿ, ಆಟಿಕೆ, ರೇಡಿಯೋ ಮಾಡುವ ಕೆಲಸಕ್ಕೆ ಎಂಟನೇ ಕ್ಲಾಸು ಓದಿದವರಿದ್ದರೆ ಸಾಕು. ಭಾರತದಲ್ಲಿ ಮುಂದೆ ಬಂದದ್ದು ಸಾಫ್ಟ್‌ವೇರ್, ಬ್ಯಾಂಕಿಂಗ್, ಟೆಲಿಕಾಂ. ಇವು ಇಂಗ್ಲಿಷ್ ಬಲ್ಲ, ಡಿಗ್ರಿ ಮುಗಿಸಿದವರನ್ನು ಎತ್ತಿಕೊಂಡವು. ಹೊಲ ಬಿಟ್ಟವರು ಹೋದದ್ದು ಗಾರೆ ಕೆಲಸಕ್ಕೆ, ಸೆಕ್ಯೂರಿಟಿ ಕೆಲಸಕ್ಕೆ, ಈಗ ಡೆಲಿವರಿಗೆ. ತಿಂಗಳ ಸಂಬಳದ ಕೆಲಸ ಇರುವವರು ಇವತ್ತಿಗೂ ದುಡಿಯುವವರಲ್ಲಿ ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವರಲ್ಲೂ ಬಹಳ ಮಂದಿಗೆ ಬರವಣಿಗೆಯಲ್ಲಿ ಒಪ್ಪಂದ ಇಲ್ಲ, ಪಿಎಫ್ ಇಲ್ಲ.

ಗಾರ್ಮೆಂಟ್ಸ್ ಇದೆಯಲ್ಲ? ಅದು ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿಲ್ವಾ?

ಕೊಟ್ಟಿದೆ, ಅದಕ್ಕೇ ಅದನ್ನು ಹತ್ತಿರದಿಂದ ನೋಡಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆ ಬೆಳಗ್ಗೆ ಎಂಟರ ಹೊತ್ತಿಗೆ ಹೋದರೆ ಟಿಫಿನ್ ಡಬ್ಬಿ ಹಿಡಿದ ಹೆಂಗಸರ ದೊಡ್ಡ ಗುಂಪು ಕಾಣುತ್ತದೆ. ಹೊಲಿಗೆ ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ: ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಒಬ್ಬರಿಗೆ ಜೇಬು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಕೈಗೆ ಸಿಗುವುದು ತಿಂಗಳಿಗೆ 12-14 ಸಾವಿರದ ಆಸುಪಾಸು. ಬೆಂಗಳೂರಿನ ಒಂದು ಕೋಣೆಯ ಮನೆಗೆ ಬಾಡಿಗೆ ಕೊಟ್ಟ ಮೇಲೆ ಅದರಲ್ಲಿ ಉಳಿಯುವುದು ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಹೆಂಗಸರ ಉಳಿತಾಯ ಅಂದರೆ ಪಿಎಫ್. ಮಗಳ ಮದುವೆ, ಮನೆ ರಿಪೇರಿ, ಆಸ್ಪತ್ರೆ ಎಲ್ಲಕ್ಕೂ ಅದೇ. 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು: ಮಾಲೀಕರು ಹಾಕಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ. ನಲವತ್ತಕ್ಕೇ ಬೆನ್ನು, ಕಣ್ಣು ಸೋತು ಕೆಲಸ ಬಿಡುವವರಿಗೆ 58 ಅಂದರೆ ಏನರ್ಥ? ಆ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ಹೆಸರಾಂತ ನಾಯಕರೂ ಇರಲಿಲ್ಲ. ಎರಡು ದಿನ ಬೆಂಗಳೂರಿನ ಸಂಚಾರ ನಿಂತಿತು. ಏಪ್ರಿಲ್ 19ಕ್ಕೆ ಕೇಂದ್ರ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಬಸ್ಸಿಗೆ ಕಲ್ಲು ಬಿದ್ದದ್ದು, ಲಾಠಿ ಬೀಸಿದ್ದು ಸರಿಯಲ್ಲ. ಆದರೆ ದೇಶದ ರಫ್ತಿಗೆ ಕೈಜೋಡಿಸಿದವರ ಮಾತು ಕೇಳಲು ರಸ್ತೆ ತಡೆಯಲೇ ಬೇಕಾಯಿತಲ್ಲ, ಅದು ನನಗೆ ಇವತ್ತಿಗೂ ನೋವು.

ಇದಕ್ಕೆಲ್ಲ ಜನಸಂಖ್ಯೆಯೇ ಕಾರಣ ಅಲ್ವಾ?

ಈಗ ಅಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಬೇಕಾದ 2.1ಕ್ಕಿಂತ ಇದು ಕಡಿಮೆ. ನಮ್ಮಲ್ಲಿ ಈಗ ಯುವಕರು ಜಾಸ್ತಿ ಇದ್ದಾರೆ. ಕೆಲಸ ಕೊಟ್ಟರೆ ಅದೇ ಬಲ. ಇನ್ನು ಎರಡು ಮೂರು ದಶಕದಲ್ಲಿ ವಯಸ್ಸಾದವರು ಜಾಸ್ತಿಯಾಗುತ್ತಾರೆ, ಆಮೇಲೆ ಈ ಅವಕಾಶ ಸಿಗುವುದಿಲ್ಲ.

ಬೆಂಗಳೂರು ಇಷ್ಟು ಮುಂದೆ, ಕಲಬುರಗಿ ಇಷ್ಟು ಹಿಂದೆ. ಒಂದೇ ರಾಜ್ಯದಲ್ಲಿ ಯಾಕೆ ಹೀಗೆ?

ತಲಾ ಆದಾಯ ನೋಡಿದರೆ ಬೆಂಗಳೂರು ನಗರ ಜಿಲ್ಲೆ ಕಲಬುರಗಿಯ ಸುಮಾರು ಐದು ಪಟ್ಟು. ರಾಜ್ಯದ ಒಟ್ಟು ಉತ್ಪಾದನೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಹಾಗಾಗಿ ಕರ್ನಾಟಕದ ತಲಾ ಆದಾಯ ದೇಶದ ಸರಾಸರಿಗಿಂತ ಸುಮಾರು ಶೇ 80 ಜಾಸ್ತಿ ಅಂತ ಓದಿದಾಗ ಹೆಮ್ಮೆ ಪಡುವ ಮುಂಚೆ ಬೆಂಗಳೂರನ್ನು ಪಕ್ಕಕ್ಕಿಟ್ಟು ನೋಡಬೇಕು.

ಕಾರಣ ಹಳೆಯದು. ಮೈಸೂರು ಸಂಸ್ಥಾನದಲ್ಲಿ 1902ಕ್ಕೇ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಯಿತು. 1905ಕ್ಕೆ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂತು. 1916ಕ್ಕೆ ವಿಶ್ವವಿದ್ಯಾಲಯ. ಆಮೇಲೆ ಸ್ವತಂತ್ರ ಭಾರತ ಸರ್ಕಾರಿ ಕಾರ್ಖಾನೆಗಳನ್ನು ಇಟ್ಟದ್ದೂ ಬೆಂಗಳೂರಿನಲ್ಲೇ. ಕಲಬುರಗಿ, ರಾಯಚೂರು, ಬೀದರ್ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಅಲ್ಲಿ ಕನ್ನಡ ಶಾಲೆಗಳೇ ಅಪರೂಪ. ಗುಲ್ಬರ್ಗ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ, ಮೈಸೂರಿಗಿಂತ 64 ವರ್ಷ ತಡವಾಗಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.6, ಯಾದಗಿರಿಯದ್ದು ಶೇ 51.8.

ಇದನ್ನು ಸರಿಮಾಡಲು ಪ್ರಯತ್ನ ಆಗಿಲ್ಲ ಅಂತಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವೇ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: 114ರಲ್ಲಿ 55 ತಾಲೂಕು ದಕ್ಷಿಣ ಕರ್ನಾಟಕದವು. ಅಂದರೆ ಇದು ಬರೀ ಉತ್ತರ ದಕ್ಷಿಣದ ಜಗಳ ಅಲ್ಲ. ಎಂಟು ವರ್ಷಕ್ಕೆ 31 ಸಾವಿರ ಕೋಟಿ ಖರ್ಚು ಮಾಡಿ ಅಂತ ಸಮಿತಿ ಹೇಳಿತ್ತು. ಆಮೇಲೆ ಸಂವಿಧಾನಕ್ಕೆ 371ಜೆ ವಿಧಿ ಸೇರಿತು, 2013ರಲ್ಲಿ ಜಾರಿಗೆ ಬಂತು. ಅದರಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಮತ್ತು ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಸಿಕ್ಕಿತು. ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರ್ ಆದದ್ದು ಅದರಿಂದಲೇ. ಮೀಸಲಾತಿಯು ಸೀಟು, ಕೆಲಸ ಸಿಕ್ಕವರನ್ನು ಮೇಲೆತ್ತುತ್ತದೆ. ಆದರೆ ಊರಲ್ಲೇ ಕೆಲಸ ಹುಟ್ಟಿಸಲು ನೀರು, ಕರೆಂಟು, ಕಾರ್ಖಾನೆ, ಮಾರುಕಟ್ಟೆ ಬೇಕು. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ತೊಗರಿ ಬೆಳೆದವನಿಗೆ ಬೇಳೆಯ ದರ ಸಿಗುವುದಿಲ್ಲ.

ಗುಳೆ ಹೋಗುವುದು ಇನ್ನೂ ನಿಂತಿಲ್ವಾ?

ಇಲ್ಲ. ಹಿಂಗಾರು ರಾಶಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಹೊರಡುತ್ತಾರೆ. ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಹಿಂಭಾಗಕ್ಕೆ ಹೋಗಿ ನೋಡಿ. ತಗಡಿನ ಶೆಡ್ಡುಗಳ ಸಾಲು, ನೀರಿಗೆ ಒಂದು ನೀಲಿ ಡ್ರಮ್ಮು, ಕಂಬದಿಂದ ಎಳೆದ ಒಂದು ವೈರು, ಜಲ್ಲಿ ರಾಶಿಯ ಪಕ್ಕದಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗಿಯ ಸೊಂಟದಲ್ಲಿ ತಮ್ಮ. ಊರಲ್ಲಿ ಅವಳ ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ.

ಇವರಿಗೆ ಅಂತ ಕಾನೂನು ಇದೆ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾನೂನು ಬಂದಾಗಿನಿಂದ ಕಟ್ಟಡದ ವೆಚ್ಚದ ಶೇ 1 ಸೆಸ್ ವಸೂಲಾಗುತ್ತಾ ಬಂದಿದೆ. ಆ ದುಡ್ಡಿನಿಂದ ಕಾರ್ಮಿಕರ ಮಕ್ಕಳ ಓದು, ಹೆರಿಗೆ, ಅಪಘಾತಕ್ಕೆ ನೆರವು ಕೊಡಬೇಕು. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಮೂರು ತಿಂಗಳಲ್ಲಿ ಎರಡು ಸೈಟು ಬದಲಿಸುವ, ಓದಲು ಬಾರದ ಮನುಷ್ಯನಿಗೆ ಅದನ್ನು ಬರೆದುಕೊಡುವವರು ಯಾರು? ನಿಮ್ಮ ಮನೆಯನ್ನೇ ಕಟ್ಟಿಸುತ್ತಿದ್ದರೆ ದಯವಿಟ್ಟು ಇದೊಂದು ಕೆಲಸ ಮಾಡಿಕೊಡಿ. ಒಂದು ಸಹಿ ಸಾಕು.

ಕರ್ನಾಟಕದ ತೆರಿಗೆ ದುಡ್ಡು ಬಿಹಾರ, ಉತ್ತರ ಪ್ರದೇಶಕ್ಕೆ ಯಾಕೆ ಹೋಗಬೇಕು?

ಸಿಟ್ಟು ಅರ್ಥವಾಗುತ್ತದೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ನಮ್ಮ ಪಾಲು ಶೇ 4.71 ಇತ್ತು, 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿಯಿತು. ಅದೇ ಅವಧಿಗೆ ಬಿಹಾರದ್ದು ಸುಮಾರು ಶೇ 10. ಸಣ್ಣ ಇಳಿಕೆ ಅಲ್ಲ ಇದು, ಪ್ರತಿಭಟಿಸಿದ್ದು ಸರಿ.

ಆದರೆ ಬಿಹಾರದವರನ್ನು ಬೈಯುವುದು ಸರಿಯಲ್ಲ. 1960-61ರಲ್ಲಿ ಬಿಹಾರದ ತಲಾ ಆದಾಯ ದೇಶದ ಸರಾಸರಿಯ ಶೇ 70ರಷ್ಟಿತ್ತು, ಈಗ ಮೂರನೇ ಒಂದು. ಇದಕ್ಕೆ ಒಂದು ಕಾರಣ ದೆಹಲಿಯ ನೀತಿ. 1952ರಿಂದ 1990ರ ದಶಕದ ಶುರುವಿನ ತನಕ ಕಬ್ಬಿಣ, ಉಕ್ಕಿನಂಥ ಸರಕಿಗೆ ದೇಶವಿಡೀ ಒಂದೇ ಸಾಗಣೆ ದರ ಮಾಡಿದ್ದರು. ಗಣಿ ಬಿಹಾರದಲ್ಲಿದ್ದರೂ ಕಾರ್ಖಾನೆ ಅಲ್ಲೇ ಇಡಬೇಕಾದ ಅಗತ್ಯ ಹೋಯಿತು. ಅದರ ಲಾಭ ಪಶ್ಚಿಮ, ದಕ್ಷಿಣದ ರಾಜ್ಯಗಳಿಗೆ ಬಂತು. ನಮ್ಮೊಳಗೆ ಬೆಂಗಳೂರಿನ ತೆರಿಗೆ ಯಾದಗಿರಿಗೆ ಹೋಗಬೇಕು ಅಂತ ನಾವೇ ವಾದಿಸುತ್ತೇವಲ್ಲ? ತತ್ವ ಒಂದೇ. ಎಷ್ಟು, ಯಾವ ಲೆಕ್ಕದಲ್ಲಿ ಅನ್ನುವುದರ ಮೇಲೆ ಜಗಳ ಆಡೋಣ.

ಜಾತಿಗೂ ಇದಕ್ಕೂ ಏನು ಸಂಬಂಧ? ಈಗೆಲ್ಲ ದುಡ್ಡೇ ಜಾತಿ ಅಲ್ವಾ?

ದುಡ್ಡು ಯಾರ ಬಳಿ ಇದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಬಿಹಾರದ 2023ರ ಜಾತಿ ಸಮೀಕ್ಷೆಯಲ್ಲಿ ತಿಂಗಳಿಗೆ 6,000 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಆದಾಯದ ಕುಟುಂಬಗಳು ಪರಿಶಿಷ್ಟ ಜಾತಿಯಲ್ಲಿ ಶೇ 43, ಸಾಮಾನ್ಯ ವರ್ಗದಲ್ಲಿ ಶೇ 25. ಮೇಲ್ಜಾತಿಯಲ್ಲೂ ಬಡವರಿದ್ದಾರೆ, ನಿಜ. ಆದರೆ ಒಂದು ಬಡ ಮನೆಗೆ ಜಮೀನಿರುತ್ತದೆ, ಪಟ್ಟಣದಲ್ಲಿ ನೌಕರಿಯಲ್ಲಿರುವ ಚಿಕ್ಕಪ್ಪ ಇರುತ್ತಾರೆ, ಬ್ಯಾಂಕಿನಲ್ಲಿ ಪರಿಚಯದವರಿರುತ್ತಾರೆ. ಇನ್ನೊಂದು ಬಡ ಮನೆಗೆ ಇದ್ಯಾವುದೂ ಇಲ್ಲ, ಮೇಲೆ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ "ಯಾವ ಜನ?" ಅಂತ. ಚರಂಡಿ, ಒಳಚರಂಡಿಗೆ ಇಳಿಯುವವರು ಯಾರು ಅಂತ ನೋಡಿ. 2013ರಲ್ಲೇ ಕಾನೂನು ಅದನ್ನು ನಿಷೇಧಿಸಿದೆ, ಆದರೂ ಸಾವಿನ ಸುದ್ದಿ ಬರುತ್ತಲೇ ಇದೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಸಮಾನತೆ ಇಟ್ಟುಕೊಂಡು ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಪ್ರಜಾಪ್ರಭುತ್ವಕ್ಕೇ ಅಪಾಯ ಅಂತ.

ಮೊದಲು ದೇಶ ಶ್ರೀಮಂತ ಆಗಲಿ, ಆಮೇಲೆ ಹಂಚೋಣ ಅನ್ನೋದು ಸರಿಯಲ್ವಾ?

ಈ ವಾದಕ್ಕೆ ದೊಡ್ಡ ಇತಿಹಾಸ ಇದೆ. ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1955ರಲ್ಲಿ, ಬೆಳವಣಿಗೆಯ ಶುರುವಿನಲ್ಲಿ ಅಸಮಾನತೆ ಏರಿ ಆಮೇಲೆ ಇಳಿಯಬಹುದು ಅಂದಿದ್ದರು. ಅದು ಊಹೆ ಅಂತ ಅವರೇ ಹೇಳಿದ್ದರು. ಕೇಳಿದವರು ಅದನ್ನು ನಿಯಮ ಮಾಡಿಕೊಂಡರು.

ನಡೆದದ್ದು ನೋಡಿದರೆ ಬೇರೆಯೇ ಕಾಣುತ್ತದೆ. ದಕ್ಷಿಣ ಕೊರಿಯಾ, ತೈವಾನ್ ಶ್ರೀಮಂತ ಆಗುವ ಮೊದಲೇ, 1950ರ ಆಸುಪಾಸಿನಲ್ಲಿ, ಭೂಮಿ ಹಂಚಿದವು, ಎಲ್ಲ ಮಕ್ಕಳನ್ನೂ ಶಾಲೆಗೆ ಕಳಿಸಿದವು. ನಮ್ಮ ಮನೆಯಂಗಳದಲ್ಲೇ ಉದಾಹರಣೆ ಇದೆ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯ ಆದಾಗ ಕರಾವಳಿಯ ಸಾವಿರಾರು ಗೇಣಿದಾರರಿಗೆ ಜಮೀನಿನ ಹಕ್ಕು ಬಂತು. ಗೇಣಿ ಅಳೆಯುವ ಕಾಟ ತಪ್ಪಿದ ಮನೆಗಳು ಮಕ್ಕಳನ್ನು ಓದಿಸಿದವು, ತೋಟ ಮಾಡಿದವು, ಮುಂಬೈಗೂ ಗಲ್ಫಿಗೂ ಹೋದವರು ಊರಿಗೆ ದುಡ್ಡು ಕಳಿಸಿದರು. ಇವತ್ತು ದಕ್ಷಿಣ ಕನ್ನಡ, ಉಡುಪಿ ತಲಾ ಆದಾಯದಲ್ಲಿ ರಾಜ್ಯದ ಮೇಲಿನ ಸಾಲಿನಲ್ಲಿವೆ. ಹಂಚಿದ್ದಕ್ಕೆ ಬೆಳವಣಿಗೆ ನಿಲ್ಲಲಿಲ್ಲ.

ಸರ್ಕಾರಿ ಶಾಲೆ, ಆಸ್ಪತ್ರೆ ಸರಿಯಾದರೆ ಅಂತರ ಕಡಿಮೆಯಾಗುತ್ತಾ?

ಬೇರೆ ಯಾವುದಕ್ಕಿಂತಲೂ ಜಾಸ್ತಿ. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆ 2024ರಲ್ಲಿ ಕಂಡಂತೆ, ಹಳ್ಳಿಯ ಸರ್ಕಾರಿ ಶಾಲೆಗಳ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ 45 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತು ವರ್ಷಕ್ಕೇ ಹಿಂದೆ ಉಳಿದಿದ್ದಾರೆ. ಹೊಟ್ಟೆಯ ವಿಷಯ ಅದಕ್ಕೂ ಮೊದಲೇ ಶುರುವಾಗುತ್ತದೆ: 2019-21ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35 ಜನರಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಐಟಿ ರಾಜಧಾನಿ ಇರುವ ರಾಜ್ಯದ ಅಂಕಿ ಇದು, ದೇಶದ ಸರಾಸರಿಯಷ್ಟೇ.

ಆಸ್ಪತ್ರೆ ವಿಷಯದಲ್ಲಿ ಸ್ವಲ್ಪ ಒಳ್ಳೆಯ ಸುದ್ದಿ ಇದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64 ಇದ್ದದ್ದು 2021-22ಕ್ಕೆ ಶೇ 39ಕ್ಕೆ ಇಳಿದಿದೆ. ಆದರೆ ಆ ವರ್ಷ ಸರ್ಕಾರಗಳ ಖರ್ಚು ಜಿಡಿಪಿಯ ಶೇ 1.84 ಮಾತ್ರ ಇತ್ತು. 2025ಕ್ಕೆ ಶೇ 2.5 ಮಾಡುತ್ತೇವೆ ಅಂತ 2017ರ ಆರೋಗ್ಯ ನೀತಿ ಹೇಳಿತ್ತು.

ಗ್ಯಾರಂಟಿ ಯೋಜನೆಗಳು ಬಿಟ್ಟಿ ಭಾಗ್ಯ ಅಲ್ವಾ?

ನಾನು ಹಾಗೆ ಕರೆಯುವುದಿಲ್ಲ. ಕರ್ನಾಟಕದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ ಸುಮಾರು 52 ಸಾವಿರ ಕೋಟಿ ಹೋಗುತ್ತದೆ, ದೊಡ್ಡ ಮೊತ್ತ. ಗೃಹಲಕ್ಷ್ಮಿಯ 2,000 ರೂಪಾಯಿ ಸುಮಾರು 1.2 ಕೋಟಿ ಹೆಂಗಸರ ಖಾತೆಗೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ದೂರದ ಕೆಲಸ ಬಿಟ್ಟು ಹತ್ತಿರದ ಕಡಿಮೆ ಸಂಬಳದ ಕೆಲಸಕ್ಕೆ ಹೋಗುತ್ತಿದ್ದವರಿಗೆ ಇದು ದೊಡ್ಡ ವ್ಯತ್ಯಾಸ. 2019ರಲ್ಲಿ ಕೇಂದ್ರ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ಖಜಾನೆಗೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಅಂದಾಜು ಮಾಡಿತ್ತು. ಅದನ್ನು ಯಾರೂ ಬಿಟ್ಟಿ ಅನ್ನಲಿಲ್ಲ.

ಹಾಗಂತ ಪ್ರಶ್ನೆಯೇ ಇಲ್ಲ ಅಂತಲ್ಲ. ಕಂತು ತಿಂಗಳುಗಟ್ಟಲೆ ತಡವಾಗಬಾರದು. ಶಿಕ್ಷಕರ ಹುದ್ದೆ ಖಾಲಿ ಬಿಟ್ಟು, ನೀರಾವರಿ ನಿಲ್ಲಿಸಿ ಕೊಡುವಂತಾಗಬಾರದು. 2,000 ರೂಪಾಯಿ ಮನೆ ತೂಗಿಸಲು ಸಹಾಯ, ಮಗಳ ಕೆಲಸಕ್ಕೆ ಬದಲಿ ಅಲ್ಲ.

ಹೆಂಗಸರು ಈಗ ಜಾಸ್ತಿ ಕೆಲಸಕ್ಕೆ ಹೋಗುತ್ತಿದ್ದಾರಂತಲ್ಲ?

ಅಂಕಿಯಲ್ಲಿ ಹೌದು. 2017-18ರಲ್ಲಿ ದುಡಿಮೆಯಲ್ಲಿದ್ದ ಅಥವಾ ಕೆಲಸ ಹುಡುಕುತ್ತಿದ್ದ ಹೆಂಗಸರು ಶೇ 23, 2023-24ರಲ್ಲಿ ಶೇ 42. ಆದರೆ ಹೆಚ್ಚಳ ಬಹುಪಾಲು ಹಳ್ಳಿಯದ್ದು, ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ. ಅಲ್ಲಿ ತುಂಬಾ ಜನಕ್ಕೆ ಕೂಲಿಯೇ ಇಲ್ಲ. ಕೆಲಸ ಜಾಸ್ತಿಯಾಗಿದೆ, ಕೈಯಲ್ಲಿ ದುಡ್ಡು ಅಷ್ಟಾಗಿಲ್ಲ.

ಶ್ರೀಮಂತರಿಗೆ ತೆರಿಗೆ ಹಾಕಿದರೆ ದೇಶ ಬಿಟ್ಟು ಹೋಗಲ್ವಾ?

ಕೆಲವರು ಹೋಗುತ್ತಾರೆ. ಆದರೆ ಸದ್ಯದ ಪರಿಸ್ಥಿತಿ ನೋಡಿ. ತಂದೆ ತಾಯಿಯಿಂದ ಬಂದ ಆಸ್ತಿಯ ಮೇಲಿನ ತೆರಿಗೆ 1985ರಲ್ಲಿ ಹೋಯಿತು. ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ ಹೋಯಿತು. ವಸೂಲಾಗುತ್ತಿದ್ದದ್ದು ಕಡಿಮೆ ಅನ್ನುವುದು ಕಾರಣ. ಶೇರಿನ ದೀರ್ಘಾವಧಿ ಲಾಭಕ್ಕೆ ಶೇ 12.5, ಸಂಬಳದ ಮೇಲಿನ ಗರಿಷ್ಠ ದರ ಶೇ 30. ಕೂಲಿಯವನು ಆದಾಯ ತೆರಿಗೆ ಕಟ್ಟುವುದಿಲ್ಲ ಅಂತ ಹೇಳುತ್ತಾರೆ. ಅವನು ಮೊಬೈಲ್ ರೀಚಾರ್ಜ್ ಮಾಡಿಸಿದರೆ ನೂರಕ್ಕೆ ಹದಿನೆಂಟು ಜಿಎಸ್‌ಟಿ ಕಟ್ಟುತ್ತಾನೆ, ಕೋಟ್ಯಧಿಪತಿಯೂ ಅಷ್ಟೇ ಕಟ್ಟುತ್ತಾನೆ. ಬಹಳ ದೊಡ್ಡ ಆಸ್ತಿ ಮಕ್ಕಳಿಗೆ ಹೋಗುವಾಗ ಒಂದು ಪಾಲು ಶಾಲೆ, ಆಸ್ಪತ್ರೆಗೆ ಬರಬೇಕು ಅನ್ನುವುದು ನನ್ನ ನಿಲುವು. ಊರಿನ ಎರಡು ಎಕರೆ, ಒಂದು ಮನೆ ಇರುವವರನ್ನು ಅದು ಮುಟ್ಟಬಾರದು.

ಡೆಲಿವರಿ ಹುಡುಗರಿಗೆ ಕರ್ನಾಟಕ ಹೊಸ ಕಾನೂನು ಮಾಡಿದೆ ಅಂತ ಕೇಳಿದೆ.

ಹೌದು, 2025ರಲ್ಲಿ. ಪ್ರತಿ ಆರ್ಡರ್, ಪ್ರತಿ ಟ್ರಿಪ್‌ನಲ್ಲಿ ಕೆಲಸಗಾರರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಅವರ ಕ್ಷೇಮಾಭಿವೃದ್ಧಿ ನಿಧಿಗೆ ಕಟ್ಟಬೇಕು. ಕಾರಣ ಹೇಳದೆ ಐಡಿ ಬ್ಲಾಕ್ ಮಾಡುವಂತಿಲ್ಲ. ಇದಕ್ಕೂ ಮೊದಲು 2023ರಲ್ಲಿ ರಾಜಸ್ಥಾನ ಇಂಥ ಕಾನೂನು ತಂದಿತ್ತು. ಒಳ್ಳೆಯ ಹೆಜ್ಜೆ. ಕಟ್ಟಡ ಕಾರ್ಮಿಕರ ಸೆಸ್‌ಗೆ ಆದದ್ದು ಇದಕ್ಕೂ ಆಗದಂತೆ ನೋಡಿಕೊಳ್ಳಬೇಕು: ದುಡ್ಡು ನಿಧಿಯಲ್ಲಿ, ಕೆಲಸಗಾರ ಹೊರಗೆ.

ನಮ್ಮ ಊರಿನ ಮಟ್ಟದಲ್ಲಿ ನಾವೇನು ಮಾಡಬಹುದು?

ಮೊದಲು ನಿಮ್ಮ ಜಿಲ್ಲೆಯ, ತಾಲೂಕಿನ ಅಂಕಿ ನೋಡಿ. ಪ್ರತಿ ವರ್ಷ ಬಜೆಟ್ ಹೊತ್ತಿಗೆ ರಾಜ್ಯದ ಆರ್ಥಿಕ ಸಮೀಕ್ಷೆ ಬರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಅದರಲ್ಲಿ ಜಿಲ್ಲಾವಾರು ತಲಾ ಆದಾಯ ಇರುತ್ತದೆ. ಆಮೇಲೆ ಗ್ರಾಮ ಸಭೆಗೆ ಹೋಗಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ. ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ? ಅಂಗನವಾಡಿಗೆ ಮೊಟ್ಟೆ ಸರಿಯಾಗಿ ಬರುತ್ತಿದೆಯಾ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ವಾರದಲ್ಲಿ ಎಷ್ಟು ದಿನ ಇರುತ್ತಾರೆ? ಗುಳೆ ಹೋದ ಮನೆಗಳೆಷ್ಟು, ಆ ಮಕ್ಕಳಿಗೆ ಊರಲ್ಲೇ ಉಳಿದು ಓದಲು ಹಾಸ್ಟೆಲ್ ವ್ಯವಸ್ಥೆ ಇದೆಯಾ?

ಉತ್ತರ ಬಾಯಿಮಾತಿನಲ್ಲಿ ಬಂದರೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಲೇಬೇಕು.